ನೆರ್ಹಾದಿಂದ ಒಂದು ದಿನದ ಪ್ರವಾಸಗಳು: ಹೋಗಬೇಕಾದವು, ಬಿಡಬಹುದಾದವು

ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ, ಮಾಲಗಾ ನಗರದಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ನೆರ್ಹಾ ಎಂಬ ಪುಟ್ಟ ಊರಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತರ ಹೊಸ್ತಿಲಲ್ಲಿರುವ ನನ್ನ ತಾಯಿ ಅಕ್ಟೋಬರ್ ತಿಂಗಳಿನಲ್ಲಿ ಹತ್ತು ದಿನ ತಂಗಿದ್ದೆವು. ಒಂದೇ ಕಡೆ ಕೋಣೆ ಹಿಡಿದು, ಪೆಟ್ಟಿಗೆಗಳನ್ನು ಒಮ್ಮೆ ಮಾತ್ರ ಬಿಚ್ಚಿ, ಬೆಳಿಗ್ಗೆ ಹೊರಟು ರಾತ್ರಿ ಮರಳಿ ಬರುವಂತೆ ಸುತ್ತಲಿನ ಊರುಗಳನ್ನು ನೋಡಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಊರಿನ ಹೆಸರನ್ನು ಬರೆಯುವ ರೀತಿ ಬೇರೆಯಾದರೂ ಉಚ್ಚಾರ ‘ನೆರ್ಹಾ’ ಎಂದೇ. ಮಾಲಗಾದ ಬಸ್ ನಿಲ್ದಾಣದಲ್ಲಿ ‘ನೆರ್ಜಾ’ ಎಂದು ಕೇಳಿದಾಗ ಟಿಕೆಟ್ ಕೊಡುವವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿಗೆ ರೈಲಿಲ್ಲ. ಕಾರು ಬಾಡಿಗೆಗೆ ಪಡೆಯದವರಿಗೆ ಅಲ್ಸಾ ಸಂಸ್ಥೆಯ ಬಸ್ಸುಗಳೇ ಆಧಾರ, ಮತ್ತು ನಾವು ಆ ಬಸ್ಸುಗಳನ್ನೇ ನಂಬಿಕೊಂಡು ಓಡಾಡಿದೆವು.

ನೆರ್ಹಾದಲ್ಲಿ ತಂಗುವವರು ಮೊದಲ ದಿನವೇ ದೂರದ ಊರಿಗೆ ಹೊರಡಬೇಕಿಲ್ಲ. ಊರಿನ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿ, ಮಾರೋ ಎಂಬ ಹಳ್ಳಿಯ ಬಳಿ ನೆರ್ಹಾದ ಗುಹೆಗಳಿವೆ. 1959ರ ಜನವರಿಯಲ್ಲಿ ಬಾವಲಿ ಹಿಡಿಯಲು ಹೋದ ಐದು ಮಂದಿ ಹುಡುಗರು ಬಿರುಕೊಂದರೊಳಗೆ ನುಸುಳಿದಾಗ ಈ ಗುಹೆ ಹೊರಜಗತ್ತಿಗೆ ತಿಳಿಯಿತು. ಮರುವರ್ಷವೇ ಅದು ಸಾರ್ವಜನಿಕರಿಗೆ ತೆರೆಯಿತು. ಮೇಲಿನಿಂದ ಇಳಿದ ಸುಣ್ಣದ ಕೋಲು ಮತ್ತು ಕೆಳಗಿನಿಂದ ಬೆಳೆದ ಸುಣ್ಣದ ದಿಬ್ಬ ಲಕ್ಷಾಂತರ ವರ್ಷಗಳಲ್ಲಿ ಒಂದನ್ನೊಂದು ಕೂಡಿಕೊಂಡು ನಿಂತಿರುವ 32 ಮೀಟರ್ ಎತ್ತರದ ಕಂಬವೊಂದು ಇಲ್ಲಿದೆ. ಫೋಟೋಗಳಲ್ಲಿ ಅದರ ಗಾತ್ರ ಗೊತ್ತಾಗುವುದಿಲ್ಲ; ಬುಡದಲ್ಲಿ ನಿಂತು ತಲೆ ಎತ್ತಿದಾಗಲೇ ಮನುಷ್ಯನ ಅಳತೆ ಎಷ್ಟೆಂಬುದು ಮನಸ್ಸಿಗೆ ಬರುತ್ತದೆ. ಒಳಗೆ ಮೆಟ್ಟಿಲುಗಳು ಬಹಳ, ಕೆಲವೆಡೆ ನೆಲ ತೇವವಾಗಿರುತ್ತದೆ. ಆದರೆ ಕಂಬಿಗಳು ಗಟ್ಟಿಯಾಗಿವೆ. ಅವಸರಪಡಿಸುವವರು ಯಾರೂ ಇಲ್ಲದ್ದರಿಂದ ತಾಯಿಯವರು ನಿಧಾನವಾಗಿ ಇಳಿದು ಹತ್ತಿದರು. ಬೆಳಗಿನ ಮೊದಲ ಪ್ರವೇಶಕ್ಕೆ ಟಿಕೆಟ್ ಕಾಯ್ದಿರಿಸಿದರೆ ಶಾಲಾ ಮಕ್ಕಳ ಗುಂಪುಗಳು ಬರುವ ಮೊದಲೇ ನೋಡಿ ಮುಗಿಸಬಹುದು.

ಗುಹೆಯಿಂದ ಊರಿನ ಕಡೆಗೆ ಮರಳುವ ರಸ್ತೆಯಲ್ಲಿ ಕಣಿವೆಗೆ ಅಡ್ಡಲಾಗಿ ನಾಲ್ಕು ಅಂತಸ್ತಿನ ಇಟ್ಟಿಗೆಯ ಕಮಾನುಗಳ ಮೇಲ್ಗಾಲುವೆಯೊಂದು ಕಾಣುತ್ತದೆ. ಇದನ್ನು ರೋಮನ್ನರ ಕಾಲದ್ದೆಂದು ಅನೇಕರು ತಿಳಿಯುತ್ತಾರೆ, ನಾವೂ ಹಾಗೆಯೇ ತಿಳಿದಿದ್ದೆವು. ವಾಸ್ತವವಾಗಿ ಇದು 19ನೆಯ ಶತಮಾನದಲ್ಲಿ ಮಾರೋದ ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲೆಂದು ಕಟ್ಟಿದ್ದು. ಈ ಕರಾವಳಿಗೆ ಕಬ್ಬನ್ನು ತಂದವರು ಅರಬರು. ನೂರಾರು ವರ್ಷ ಇಲ್ಲಿನ ಬದುಕು ಕಬ್ಬಿನ ಸುತ್ತಲೇ ನಡೆಯಿತು, ಮತ್ತು ಕೊನೆಯ ಕಬ್ಬಿನ ಸಕ್ಕರೆ ಕಾರ್ಖಾನೆ ಮುಚ್ಚಿದ್ದು 2006ರಲ್ಲಿ.

ಇಷ್ಟು ತಿಳಿದುಕೊಂಡು ಫ್ರಿಹಿಲಿಯಾನಾಕ್ಕೆ ಹೋದರೆ ಆ ಊರು ಬೇರೆಯೇ ರೀತಿಯಲ್ಲಿ ಕಾಣುತ್ತದೆ. ನೆರ್ಹಾದಿಂದ ಬೆಟ್ಟದ ಕಡೆಗೆ ಆರು ಕಿಲೋಮೀಟರ್, ಸಣ್ಣ ಬಸ್ಸಿನಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಸುಣ್ಣ ಬಳಿದ ಬಿಳಿಯ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತಂತಿರುವ ಈ ಊರಿನ ಹಳೆಯ ಭಾಗದಲ್ಲಿ, ಗೋಡೆಗಳ ಮೇಲೆ ಸೆರಾಮಿಕ್ ಫಲಕಗಳನ್ನು ಕೂರಿಸಿ 1569ರ ಕಾಳಗದ ಕಥೆಯನ್ನು ಹಂತ ಹಂತವಾಗಿ ಹೇಳಿದ್ದಾರೆ. ಬಲವಂತದಿಂದ ಕ್ರೈಸ್ತ ಮತಕ್ಕೆ ಮತಾಂತರಗೊಂಡ ಮುಸ್ಲಿಮರ ಸಂತತಿಯವರಾದ ಮೊರಿಸ್ಕೋಗಳು ದೊರೆಯ ಕಟ್ಟಳೆಗಳ ವಿರುದ್ಧ ದಂಗೆಯೆದ್ದು, ಊರಿನ ಮೇಲಿನ ಬಂಡೆಯ ಕೋಟೆಯಲ್ಲಿ ಸೋತುಹೋದ ಕಥೆ ಅದು. ಅಂಗಡಿಗಳನ್ನು ನೋಡುತ್ತ ಸಾಗುವವರಿಗೆ ಈ ಫಲಕಗಳು ಕಣ್ಣಿಗೆ ಬೀಳದೆಯೂ ಹೋಗಬಹುದು. ಅವುಗಳನ್ನು ಓದುತ್ತ ಹತ್ತಿದರೆ ಏರು ದಾರಿಯ ಆಯಾಸವೂ ತಿಳಿಯುವುದಿಲ್ಲ. ಊರಿನ ಪ್ರವೇಶದಲ್ಲಿರುವ ಹಳೆಯ ಅರಮನೆಯಂಥ ಕಟ್ಟಡದಲ್ಲಿ ಇಂದಿಗೂ ಕಬ್ಬಿನ ರಸವನ್ನು ಕುದಿಸಿ ‘ಕಬ್ಬಿನ ಜೇನು’ ತಯಾರಿಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಜೋನಿಬೆಲ್ಲವೇ. ಗರಿಗರಿಯಾಗಿ ಕರಿದ ಬದನೆಕಾಯಿ ಹೋಳುಗಳ ಮೇಲೆ ಅದನ್ನು ಸುರಿದು ಕೊಡುವ ತಿನಿಸು ಬಹುತೇಕ ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. ಸಸ್ಯಾಹಾರಿಗಳಾದ ನಮಗೆ ಆ ಹತ್ತು ದಿನಗಳಲ್ಲಿ ಅದಕ್ಕಿಂತ ಹೆಚ್ಚು ಒಗ್ಗಿದ ತಿನಿಸು ಬೇರೊಂದಿರಲಿಲ್ಲ. ಈ ಊರಿಗೆ ನಾವು ಎರಡು ಬಾರಿ ಹೋದೆವು.

ಪೂರ್ವಕ್ಕೆ ಅಲ್ಮುನ್ಯೇಕರ್‌ಗೆ ಹೋಗುವವರು ಬಸ್ಸಿನ ಬಲಬದಿಯಲ್ಲಿ ಕುಳಿತುಕೊಳ್ಳಬೇಕು. ಬಸ್ಸು ಕರಾವಳಿಯ ಹಳೆಯ ರಸ್ತೆ ಹಿಡಿದರೆ ಕಡಿದಾದ ಬಂಡೆಗಳ ಕೆಳಗಿನ ಸಮುದ್ರ ಆ ಬದಿಗೇ ಕಾಣುತ್ತದೆ. ಪ್ರಾಚೀನ ಕಾಲದ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಕಾಲದಿಂದ ಬಂದ ಊರು ಅದು. ಮೀನಿಗೆ ಉಪ್ಪು ಹಾಕುತ್ತಿದ್ದ ಪುರಾತನ ತೊಟ್ಟಿಗಳ ಅವಶೇಷಗಳು ಊರ ನಡುವಿನ ಉದ್ಯಾನದಲ್ಲಿವೆ. ಡಮಾಸ್ಕಸ್‌ನಿಂದ ಆಳುತ್ತಿದ್ದ ತನ್ನ ವಂಶದವರ ಹತ್ಯೆಯಾದ ಮೇಲೆ ತಪ್ಪಿಸಿಕೊಂಡು ಬಂದ ಉಮಯ್ಯದ್ ರಾಜಕುಮಾರ ಅಬ್ದುಲ್ ರಹಮಾನ್ 755ರಲ್ಲಿ ಸ್ಪೇನಿನ ನೆಲಕ್ಕೆ ಕಾಲಿಟ್ಟದ್ದು ಇಲ್ಲಿಯೇ. ಅರ್ಧ ದಿನ ಸಾಕು.

ಮಾಲಗಾಕ್ಕೆ ಬಸ್ಸುಗಳು ಧಾರಾಳವಾಗಿವೆ, ಆದ್ದರಿಂದ ಯಾವ ಮುನ್ಸಿದ್ಧತೆಯೂ ಇಲ್ಲದೆ ಹೊರಡಬಹುದು. ಬೆಟ್ಟದ ಮೇಲಿನ ಅಲ್ಕಸಾಬಾ ಕೋಟೆ, ಅದರ ಬುಡದಲ್ಲಿ 1951ರಲ್ಲಿ ಬೆಳಕಿಗೆ ಬಂದ ರೋಮನ್ ರಂಗಮಂದಿರ, ಒಂದೇ ಗೋಪುರ ಪೂರ್ಣಗೊಂಡಿರುವುದರಿಂದ ‘ಒಂಟಿಗೈಯವಳು’ ಎಂದು ಜನ ಕರೆಯುವ ದೊಡ್ಡ ಚರ್ಚು, ಇವೆಲ್ಲವೂ ನಡಿಗೆಯ ದೂರದಲ್ಲಿವೆ. ಪಿಕಾಸೊ 1881ರಲ್ಲಿ ಹುಟ್ಟಿದ ಮನೆ ಮತ್ತು 2003ರಲ್ಲಿ ತೆರೆದ ಅವನ ವಸ್ತುಸಂಗ್ರಹಾಲಯ ಎರಡನ್ನೂ ನೋಡುವ ಆಸೆಯಿದ್ದರೆ ಕೋಟೆಯನ್ನು ಬೆಳಿಗ್ಗೆಯೇ ಹತ್ತಿ ಮುಗಿಸುವುದು ಒಳ್ಳೆಯದು.

ಗ್ರನಾಡಾದ ಮಾತು ಬೇರೆ. ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ಹಿಡಿಯುವ ಈ ಪ್ರಯಾಣವನ್ನು ಒಂದು ದಿನದಲ್ಲಿ ಮುಗಿಸುವುದು ಕಷ್ಟವೇ ಆದರೂ, ಅಲ್ಲಿನ ಗುಡ್ಡದ ಮೇಲಿರುವ ಕೋಟೆ-ಅರಮನೆಗಳ ಸಮೂಹವಾದ ಅಲ್ಹಾಂಬ್ರಾವನ್ನು ನೋಡದೆ ಈ ತೀರದಿಂದ ಮರಳಬಾರದೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಇಲ್ಲಿ ಮುಖ್ಯವಾದ ಸಂಗತಿ ಟಿಕೆಟ್. ಗ್ರನಾಡಾವನ್ನು ಆಳಿದ ಮುಸ್ಲಿಂ ವಂಶವಾದ ನಸ್ರಿದ್ ದೊರೆಗಳ ಅರಮನೆಗಳೊಳಗೆ ಹೋಗಲು ನಿಗದಿತ ಸಮಯವಿರುತ್ತದೆ. ಆ ಅರ್ಧ ಗಂಟೆಯ ಅವಧಿಯಲ್ಲಿ ಬಾಗಿಲಿಗೆ ಬಾರದಿದ್ದರೆ ಪ್ರವೇಶವಿಲ್ಲ. ಟಿಕೆಟ್ ಹೆಸರಿನ ಮೇಲಿರುವುದರಿಂದ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಬೇಡಿಕೆಯ ತಿಂಗಳುಗಳಲ್ಲಿ ವಾರಗಳ ಮೊದಲೇ ಎಲ್ಲವೂ ಮುಗಿದಿರುತ್ತವೆ. ಆದ್ದರಿಂದ ಅಲ್ಹಾಂಬ್ರಾದ ದಿನ ಗೊತ್ತಾದ ಮೇಲೆ ಉಳಿದ ಪ್ರವಾಸಗಳನ್ನು ಅದರ ಸುತ್ತ ಜೋಡಿಸಿಕೊಳ್ಳಬೇಕು. ನಾವು ಮಧ್ಯಾಹ್ನ ಒಂದೂವರೆಯ ಸಮಯವನ್ನು ಆರಿಸಿಕೊಂಡದ್ದು ಸರಿಯಾಯಿತು, ಏಕೆಂದರೆ ಗ್ರನಾಡಾದ ಬಸ್ ನಿಲ್ದಾಣ ಊರಿನ ನಡುಭಾಗದಿಂದ ದೂರವಿದ್ದು, ಅಲ್ಲಿಂದ ಕೋಟೆಯ ಗುಡ್ಡಕ್ಕೆ ಹೋಗಲು ನಗರದ ಬಸ್ಸುಗಳನ್ನು ಬದಲಿಸಬೇಕಾಗುತ್ತದೆ.

ಒಳಗೆ ಕಂಡದ್ದನ್ನು ಪೂರ್ತಿಯಾಗಿ ಬರೆಯಲು ನನಗೆ ಸಾಧ್ಯವಿಲ್ಲ. ಹನ್ನೆರಡು ಅಮೃತಶಿಲೆಯ ಸಿಂಹಗಳು ಹೊತ್ತ ಕಾರಂಜಿ, ಅದರ ಸುತ್ತಲಿನ 124 ತೆಳು ಕಂಬಗಳು, ಜೇನುಗೂಡಿನಂತೆ ತೂಗುವ ಚಾವಣಿಗಳು, ‘ದೇವರಲ್ಲದೆ ಬೇರೆ ವಿಜಯಿಯಿಲ್ಲ’ ಎಂಬ ಅರಬ್ಬೀ ಸಾಲನ್ನು ಮತ್ತೆ ಮತ್ತೆ ಕೆತ್ತಿದ ಗೋಡೆಗಳು, ಇವುಗಳಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. 13ನೆಯ ಶತಮಾನದಲ್ಲಿ ಈ ವಂಶದ ಮೊದಲ ದೊರೆ ದಾರೋ ನದಿಯ ಮೇಲ್ಭಾಗದಿಂದ ಕಾಲುವೆ ತೋಡಿಸಿ ಗುಡ್ಡದ ನೆತ್ತಿಗೆ ನೀರು ತಂದನು. ಅದಿಲ್ಲದಿದ್ದರೆ ಈ ತೋಟ, ಈ ಅಂಗಳ ಯಾವುದೂ ಇರುತ್ತಿರಲಿಲ್ಲ. ಹೆನೆರಾಲೀಫೆಯ ತೋಟದಲ್ಲಿ ಮೆಟ್ಟಿಲಿನ ಕೈಪಿಡಿಗೋಡೆಯ ಮೇಲೆಯೇ ನೀರು ಹರಿಯುತ್ತದೆ. ನನ್ನ ತಾಯಿ ಆ ನೀರಿನಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ನಿಂತಿದ್ದರು.

ಅತೃಪ್ತಿ ತಂದ ಪ್ರವಾಸ ಒಂದೇ. ಹೋಟೆಲಿನ ಬಾಗಿಲಿನಿಂದಲೇ ಕರೆದೊಯ್ಯುವುದಾಗಿ ಹೇಳಿದ ಸಂಸ್ಥೆಯೊಂದರ ಮೂಲಕ ರೋಂಡಾಕ್ಕೆ ಹೋದೆವು. ಬೆಳಿಗ್ಗೆ ಏಳಕ್ಕೆ ಹತ್ತಿದ ಬಸ್ಸು ಕರಾವಳಿಯ ಒಂದೊಂದೇ ಊರಿನಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತ, ಚರ್ಮದ ಸಾಮಾನುಗಳ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ಹನ್ನೊಂದೂವರೆಗೆ ರೋಂಡಾ ಮುಟ್ಟಿಸಿತು. 1793ರಲ್ಲಿ ಪೂರ್ಣಗೊಂಡ, 98 ಮೀಟರ್ ಆಳದ ಕಮರಿಯ ಮೇಲೆ ನಿಂತಿರುವ ಆ ಸೇತುವೆಯನ್ನು ಕೆಳಗಿನ ದಾರಿಯಿಂದ ನೋಡಬೇಕೆಂಬ ನನ್ನ ಆಸೆ ಈಡೇರಲಿಲ್ಲ, ಏಕೆಂದರೆ ಊಟವನ್ನೂ ಸೇರಿಸಿ ನಮಗೆ ದೊರೆತದ್ದು ಎರಡು ಗಂಟೆ ಮಾತ್ರ. ಅಂಗಡಿಯ ನಿಲುಗಡೆಯ ಬಗ್ಗೆ ಟಿಕೆಟ್ ಮಾರುವಾಗ ಒಂದು ಮಾತನ್ನೂ ಹೇಳಿರಲಿಲ್ಲ. ಊರು ಸೊಗಸಾದದ್ದೇ, ಅಲ್ಲಿ ಒಂದು ರಾತ್ರಿ ತಂಗುವಂತೆ ಹೋಗುವುದೇ ಸೂಕ್ತ. ಇಂಥ ಪ್ರವಾಸಕ್ಕೆ ಹಣ ಕೊಡುವ ಮುನ್ನ ಎಷ್ಟು ಊರುಗಳಲ್ಲಿ ಜನರನ್ನು ಹತ್ತಿಸುತ್ತೀರಿ, ತಲುಪಿದ ಮೇಲೆ ಎಷ್ಟು ಗಂಟೆ ಬಿಡುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಬೇಕು.

ಬಸ್ಸುಗಳ ಬಗ್ಗೆ ಇನ್ನೆರಡು ಮಾತು. ನೆರ್ಹಾದ ನಿಲ್ದಾಣ ಊರಿನ ಮೇಲ್ಭಾಗದಲ್ಲಿದೆ. ಸಮುದ್ರದ ಅಂಚಿನ ಹೋಟೆಲುಗಳಿಂದ ಅಲ್ಲಿಗೆ ಏರುದಾರಿ, ಮಂಡಿನೋವಿರುವವರು ಕೋಣೆಯನ್ನು ಆರಿಸುವಾಗಲೇ ಇದನ್ನು ಗಮನಿಸಬೇಕು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಸಣ್ಣ ಊರುಗಳ ಬಸ್ಸುಗಳು ವಿರಳವಾಗುವುದರಿಂದ ವೇಳಾಪಟ್ಟಿಯನ್ನು ಹಿಂದಿನ ಸಂಜೆಯೇ ನೋಡಿಕೊಳ್ಳುವುದು ಕ್ಷೇಮ. ಗ್ರನಾಡಾಕ್ಕೆ ಹೋಗುವ ದಿನ ಮಾತ್ರ ಹಿಂದಿರುಗುವ ಬಸ್ಸಿನ ಟಿಕೆಟ್ಟನ್ನೂ ಮೊದಲೇ ಪಡೆದುಕೊಳ್ಳಿ. ಸಂಜೆಯ ಬಸ್ಸು ನಾವು ಹತ್ತುವ ಹೊತ್ತಿಗೆ ಪೂರ್ತಿ ತುಂಬಿತ್ತು, ಟಿಕೆಟ್ ಇಲ್ಲದೆ ಬಂದಿದ್ದ ನಾಲ್ವರು ನಿಲ್ದಾಣದಲ್ಲೇ ಉಳಿದರು.