ರಿಯಾಯಿತಿಯ ಬ್ರ್ಯಾಂಡೆಡ್ ಪಿಸಿ, ಎಸ್.ಪಿ. ರಸ್ತೆಯ ಬಿಡಿಭಾಗಗಳು: ಎರಡನ್ನೂ ಕೊಂಡವನ ಲೆಕ್ಕ

ಗೇಮಿಂಗ್‌ಗೆಂದು ಡೆಸ್ಕ್‌ಟಾಪ್ ಕೊಳ್ಳಲು ಹೊರಟವರು, ಹಬ್ಬದ ರಿಯಾಯಿತಿಯಲ್ಲಿ ಸಿಗುವ ಬ್ರ್ಯಾಂಡೆಡ್ ಪಿಸಿಯನ್ನು ತರುವುದೋ ಅಥವಾ ಬಿಡಿಭಾಗಗಳನ್ನು ತಂದು ತಾವೇ ಜೋಡಿಸಿಕೊಳ್ಳುವುದೋ ಎಂದು ನನ್ನನ್ನು ಕೇಳಿದರೆ, ಜೋಡಿಸಿಕೊಳ್ಳಿ ಎಂದೇ ಹೇಳುತ್ತೇನೆ. ಈ ಉತ್ತರದಲ್ಲಿ ಪಕ್ಷಪಾತ ಇದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮೊದಲು ಕೊಂಡದ್ದು ಬ್ರ್ಯಾಂಡೆಡ್ ಪಿಸಿಯನ್ನೇ; ಅದರ ದೆಸೆಯಿಂದ ಹತ್ತೊಂಬತ್ತು ಸಾವಿರ ರೂಪಾಯಿಯಷ್ಟು ಕಳೆದುಕೊಂಡ ಮೇಲೆಯೇ ನಾನು ಸ್ಕ್ರೂಡ್ರೈವರ್ ಹಿಡಿದದ್ದು.

2022ರಲ್ಲಿ ದಸರೆ ಮುಗಿದು ದೀಪಾವಳಿಗೆ ಇನ್ನೂ ಹತ್ತು ದಿನ ಇರುವಾಗ, 84,990 ರೂಪಾಯಿ ಎಂಬ ಬೆಲೆಯನ್ನು ಹೊಡೆದುಹಾಕಿ ಅದರ ಪಕ್ಕದಲ್ಲಿ 62,990 ಎಂದು ಬರೆದಿದ್ದ ಪಿಸಿಯೊಂದು ನನ್ನ ಕಣ್ಣಿಗೆ ಬಿತ್ತು. ಇಂಟೆಲ್ ಐ5-12400 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, ವಿಂಡೋಸ್ ಸಮೇತ. ಅದೇ ವಾರ ಬೆಂಗಳೂರಿನ ಬನಶಂಕರಿಯಿಂದ ಮೆಟ್ರೋ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು, ಅಲ್ಲಿಂದ ನಡೆದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ವಿಚಾರಿಸಿದಾಗ, ಇದೇ ಪ್ರೊಸೆಸರ್ ಮತ್ತು ಇದೇ ಕಾರ್ಡ್‌ಗೆ ಅಂಗಡಿಯವರು ಬರೆದುಕೊಟ್ಟ ಕೊಟೇಶನ್ ವಿಂಡೋಸ್ ಇಲ್ಲದೆ 68,000ಕ್ಕೆ ಬಂದಿತ್ತು. ಆ ಚೀಟಿಯಲ್ಲಿ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಕೂಡಿಸುವ ಮುಖ್ಯ ಫಲಕ) ಮತ್ತು ಎಸ್‌ಎಂಪಿಎಸ್‌ಗಳ (ಎಲ್ಲಕ್ಕೂ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹೆಸರು, ಮಾದರಿ ಎಲ್ಲವೂ ಸ್ಪಷ್ಟವಾಗಿದ್ದವು. ರಿಯಾಯಿತಿಯ ಪಿಸಿಯ ವಿವರಗಳಲ್ಲಿ ಈ ಎರಡರ ಸುದ್ದಿಯೇ ಇರಲಿಲ್ಲ. ನನಗೆ ಆಗ ಕಂಡದ್ದು ಐದು ಸಾವಿರದ ಉಳಿತಾಯ ಮಾತ್ರ.

ಮೊದಲ ಹತ್ತು ತಿಂಗಳು ಆ ಪಿಸಿಯ ಬಗ್ಗೆ ನನ್ನ ದೂರು ಹೆಚ್ಚೇನೂ ಇರಲಿಲ್ಲ. ನಾಲ್ಕನೆಯ ತಿಂಗಳಲ್ಲಿ, ಕಡತಗಳನ್ನೆಲ್ಲ ಉಳಿಸಿಡುವ ಎಸ್‌ಎಸ್‌ಡಿ ಕೈಕೊಟ್ಟಾಗ, ಫೋನು ಮಾಡಿದ ಮೂರನೆಯ ದಿನ ತಂತ್ರಜ್ಞರು ಮನೆಗೇ ಬಂದು, ಇಪ್ಪತ್ತು ನಿಮಿಷದಲ್ಲಿ ಹೊಸದನ್ನು ಹಾಕಿ, ಸಹಿ ಪಡೆದು ಹೋದರು. ಈ ಸೌಕರ್ಯವನ್ನು ನಾನು ಕಡೆಗಣಿಸುವುದಿಲ್ಲ. ಯಂತ್ರ ಕೆಟ್ಟರೆ ಬಿಚ್ಚಿ ನೋಡುವ ತಾಳ್ಮೆ ಇಲ್ಲದವರಿಗೆ ಇದೊಂದೇ ಸಾಕಷ್ಟು ದೊಡ್ಡ ಕಾರಣ. ರ‍್ಯಾಮ್ ಒಂದೇ ಕಡ್ಡಿಯಲ್ಲಿದ್ದುದರಿಂದ ಆಟದ ನಡುವೆ ಚಿತ್ರ ಆಗಾಗ ತಡವರಿಸುತ್ತಿತ್ತು, ಆದರೆ ಅದು ಇನ್ನೊಂದು ಕಡ್ಡಿ ಹಾಕಿದರೆ ಸರಿಹೋಗುವ ದೋಷ.

ನಿಜವಾದ ತೊಡಕು ಶುರುವಾದದ್ದು 2023ರ ಆಗಸ್ಟ್‌ನಲ್ಲಿ. 4 ಜಿಬಿ ಮೆಮೊರಿಯ 1650 ಹೊಸ ಆಟಗಳಿಗೆ ಸಾಲದಾಗಿತ್ತು. ಆರ್‌ಟಿಎಕ್ಸ್ 4060 ಎಂಬ ಹೊಸ ಗ್ರಾಫಿಕ್ಸ್ ಕಾರ್ಡ್ ಆಗಷ್ಟೇ ಎರಡು ತಿಂಗಳ ಹಿಂದೆ ಬಂದಿತ್ತು. ವಾರ್ಷಿಕ ಬೋನಸ್ ಕೈಗೆ ಬಂದಿತ್ತು. 29,800 ಕೊಟ್ಟು ಕಾರ್ಡ್ ತಂದೆ. ಹೊಸ ಕಾರ್ಡ್ ಎಳೆಯುವುದು 115 ವ್ಯಾಟ್, ಹಳೆಯದು 75 ವ್ಯಾಟ್. ನಲವತ್ತು ವ್ಯಾಟ್‌ನ ವ್ಯತ್ಯಾಸ ಏನು ಮಹಾ ಎಂದುಕೊಂಡಿದ್ದೆ. ಆದರೆ 75 ವ್ಯಾಟ್ ಎಂಬುದು ಮದರ್‌ಬೋರ್ಡಿನ ಸ್ಲಾಟಿನ ಮೂಲಕವೇ ಸಿಗುವ ವಿದ್ಯುತ್ತಿನ ಮಿತಿ; ಅದನ್ನು ದಾಟಿದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆಯೇ ಒಂದು ತಂತಿ ಬರಬೇಕು, ನನ್ನ ಹೊಸ ಕಾರ್ಡಿಗೆ ಎಂಟು ಪಿನ್ನಿನದು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಟಾರ್ಚ್ ಬಿಟ್ಟು ಎಷ್ಟು ಹುಡುಕಿದರೂ ಅಂಥ ತಂತಿ ಕಾಣಲಿಲ್ಲ. ಒಳಗಿದ್ದದ್ದು 300 ವ್ಯಾಟ್‌ನ ಎಸ್‌ಎಂಪಿಎಸ್. 1650ಕ್ಕೆ ಅಳೆದು ತೂಗಿ ಕೊಟ್ಟಂತಿತ್ತು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ.

ಎಸ್‌ಎಂಪಿಎಸ್ ಬದಲಿಸಿದರೆ ಆಯಿತು ಎಂದು ಎಲ್ಲರೂ ಹೇಳಿದರು, ನಾನೂ ನಂಬಿ 5,200 ರೂಪಾಯಿಗೆ 650 ವ್ಯಾಟ್‌ನ ಹೊಸದೊಂದನ್ನು ತಂದೆ. ಇಲ್ಲಿಯೇ ನಾನು ಸಿಕ್ಕಿಬಿದ್ದದ್ದು. ಯಾವುದೇ ಸಾಮಾನ್ಯ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ ಮುಖ್ಯ ತಂತಿಯಲ್ಲಿ 24 ಪಿನ್ನುಗಳಿರುತ್ತವೆ, ಅದರಲ್ಲಿ 12, 5 ಮತ್ತು 3.3 ವೋಲ್ಟ್‌ಗಳು ಬೇರೆಬೇರೆಯಾಗಿ ಹರಿಯುತ್ತವೆ. ನನ್ನ ಪಿಸಿಯ ಮದರ್‌ಬೋರ್ಡಿನಲ್ಲಿ ಆ ಉದ್ದನೆಯ ಸಾಕೆಟ್ ಇರಬೇಕಾದ ಜಾಗದಲ್ಲಿ ಆರೇ ಪಿನ್ನಿನ ಸಣ್ಣ ಸಾಕೆಟ್ ಇತ್ತು. ಆ ಕಂಪನಿಯ ಎಸ್‌ಎಂಪಿಎಸ್ ಬರೀ 12 ವೋಲ್ಟ್ ಕೊಡುತ್ತದೆ. ಉಳಿದ ವೋಲ್ಟೇಜ್‌ಗಳನ್ನು ಮದರ್‌ಬೋರ್ಡ್ ತಾನೇ ತಯಾರಿಸಿಕೊಳ್ಳುತ್ತದೆ, ಡಿಸ್ಕ್‌ಗಳಿಗೂ ತಾನೇ ಹಂಚುತ್ತದೆ. ತಂತಿ ಕಡಿಮೆ, ಖರ್ಚು ಕಡಿಮೆ, ಸುಮ್ಮನಿರುವಾಗ ಪೋಲಾಗುವ ವಿದ್ಯುತ್ತೂ ಕಡಿಮೆ. ತಯಾರಕರ ಕಡೆಯಿಂದ ನೋಡಿದರೆ ಈ ವಿನ್ಯಾಸದಲ್ಲಿ ತಪ್ಪೇನೂ ಇಲ್ಲ. ಕೊಂಡವನು ಮಾತ್ರ ಅದೇ ಕಂಪನಿಯ ಎಸ್‌ಎಂಪಿಎಸ್‌ಗೆ ಜೀವಮಾನವಿಡೀ ಗಂಟುಬೀಳುತ್ತಾನೆ. ಸೇವಾ ಕೇಂದ್ರಕ್ಕೆ ಫೋನು ಮಾಡಿ, ಹೆಚ್ಚಿನ ವ್ಯಾಟ್‌ನದು ಸಿಗುತ್ತದೆಯೇ ಎಂದು ಕೇಳಿದರೆ, ನಿಮ್ಮ ಮಾದರಿಗೆ ಇರುವುದು ಇದೊಂದೇ ಎಂಬ ಉತ್ತರ ಬಂತು.

24 ಪಿನ್ನನ್ನು ಆರು ಪಿನ್ನಿಗೆ ಇಳಿಸುವ ಅಡಾಪ್ಟರ್ ತಂತಿಗಳು ಸಿಗುತ್ತವೆ ಎಂದು ತಿಳಿದು ಒಂದನ್ನು ತರಿಸಿದೆ. ಪಿಸಿ ಆರಿದ್ದಾಗಲೂ ಮದರ್‌ಬೋರ್ಡಿಗೆ ಒಂದಿಷ್ಟು ವಿದ್ಯುತ್ ಬೇಕು, ಸಾಮಾನ್ಯ ಎಸ್‌ಎಂಪಿಎಸ್ ಅದನ್ನು 5 ವೋಲ್ಟ್‌ನಲ್ಲಿ ಕೊಡುತ್ತದೆ, ಈ ಬೋರ್ಡು 12 ವೋಲ್ಟ್ ಕೇಳುತ್ತದೆ. ಆದ್ದರಿಂದ ತಂತಿಯ ನಡುವೆ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಒಂದು ಕಪ್ಪು ಟೇಪಿನ ಒಳಗೆ ಹುಣಸೆಬೀಜದಂತೆ ಉಬ್ಬಿಕೊಂಡಿತ್ತು. ಮೂವತ್ತು ಸಾವಿರದ ಕಾರ್ಡು ಈ ಹುಣಸೆಬೀಜವನ್ನು ನಂಬಿ ನಡೆಯಬೇಕಾಗಿತ್ತು. ಅದೂ ಹೋಗಲಿ ಎಂದರೆ, ಹೊಸ ಎಸ್‌ಎಂಪಿಎಸ್ ಆ ಕಿರಿದಾದ ಕ್ಯಾಬಿನೆಟ್ಟಿನೊಳಗೆ ಹಿಡಿಸಲೇ ಇಲ್ಲ. ಅದನ್ನು ಮೇಜಿನ ಮೇಲೆ ಹೊರಗೇ ಇಟ್ಟು, ತೆರೆದ ಪಕ್ಕದಿಂದ ತಂತಿಗಳನ್ನು ಒಳಗೆ ಬಿಟ್ಟು ಎರಡು ವಾರ ಹಾಗೆಯೇ ನಡೆಸಿದೆ. ಗಣೇಶನ ಹಬ್ಬಕ್ಕೆ ಕೋಣೆ ಗುಡಿಸಲು ಬಂದ ಅಮ್ಮ, ಇದರ ಕರುಳೆಲ್ಲ ಯಾಕಪ್ಪಾ ಹೊರಗೆ ಬಂದಿದೆ ಎಂದು ಕೇಳಿದರು.

ಸರಿ, ಕ್ಯಾಬಿನೆಟ್ಟನ್ನೂ ಬದಲಿಸೋಣ ಎಂದು 4,500 ರೂಪಾಯಿಯ ಹೊಸ ಕ್ಯಾಬಿನೆಟ್ ತಂದು ಹಳೆಯ ಮದರ್‌ಬೋರ್ಡನ್ನು ಅದರೊಳಗೆ ಕೂರಿಸಲು ನೋಡಿದೆ. ಸ್ಕ್ರೂ ಹಾಕುವ ರಂಧ್ರಗಳಲ್ಲಿ ಮೂರು ಮಾತ್ರ ಹೊಂದಿಕೊಂಡವು. ಪವರ್ ಗುಂಡಿಯ ಪ್ಲಗ್ಗಿನ ಆಕಾರವೇ ಬೇರೆ. ಯಾವ ಪಿನ್ ಯಾವುದಕ್ಕೆ ಎಂಬ ಗುರುತೂ ಬೋರ್ಡಿನ ಮೇಲೆ ಇರಲಿಲ್ಲ. ಹೇಗೋ ಪತ್ತೆಹಚ್ಚಿ ಶುರುಮಾಡಿದರೆ, ವಿಂಡೋಸ್ ಬರುವ ಮೊದಲೇ ಪರದೆ ಕಪ್ಪಗೆ ನಿಂತು, ಮುಂದಿನ ಫ್ಯಾನ್ ಪತ್ತೆಯಾಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದಿತು. ಹಳೆಯ ಕ್ಯಾಬಿನೆಟ್ಟಿನ ಫ್ಯಾನು ಅದರದೇ ವಿಶಿಷ್ಟ ಪ್ಲಗ್ಗಿನದು, ಬೇರೆ ಫ್ಯಾನನ್ನು ಬೋರ್ಡು ಗುರುತಿಸುವುದಿಲ್ಲ, ಆ ತಪಾಸಣೆಯನ್ನು ನಿಲ್ಲಿಸುವ ಆಯ್ಕೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನದೇ ತಂತ್ರಾಂಶ) ಇಲ್ಲ. ಪ್ರತಿದಿನ ಬೆಳಿಗ್ಗೆ ಪಿಸಿ ಹಾಕಿ, ಕಾಫಿ ತರಲು ಒಳಗೆ ಹೋಗಿ, ಬಂದು ನೋಡಿದರೆ ಅದು ಅಲ್ಲಿಯೇ ನಿಂತು ನನಗಾಗಿ ಕಾಯುತ್ತಿರುತ್ತಿತ್ತು. ಈ ಒಂದು ಸಾಲು ನನ್ನನ್ನು ಕೆಣಕಿದಷ್ಟು ಕಳೆದುಕೊಂಡ ಹಣವೂ ಕೆಣಕಲಿಲ್ಲ.

ಒಂಬತ್ತನೆಯ ದಿನ ಎಸ್.ಪಿ. ರಸ್ತೆಗೆ ಮತ್ತೆ ಹೋದೆ. (ಅಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ, ರಜೆ ಹಾಕಿಯೇ ಹೋಗಬೇಕು.) ಬಿ660 ಚಿಪ್‌ಸೆಟ್ಟಿನ, ಮೈಕ್ರೋ ಎಟಿಎಕ್ಸ್ ಎಂಬ ಸಾಮಾನ್ಯ ಅಳತೆಯ ಮದರ್‌ಬೋರ್ಡ್ 10,500, ಪ್ರೊಸೆಸರ್ ತಣಿಸುವ ಹಳೆಯ ಕೂಲರ್ ಹಳೆಯ ಬೋರ್ಡಿಗೇ ಮೀಸಲಾದ್ದರಿಂದ ಹೊಸ ಕೂಲರ್ 1,800, ಜೊತೆಗೊಂದು 8 ಜಿಬಿ ರ‍್ಯಾಮ್ 1,900. ಬಿಲ್ ಬೇಡವಾದರೆ ಕಡಿಮೆ ಮಾಡಿಕೊಡುತ್ತೇನೆ ಎಂಬ ಮಾತಿಗೆ ಬಲಿಯಾಗದೆ ಜಿಎಸ್‌ಟಿ ಬಿಲ್ಲನ್ನೇ ಪಡೆದೆ. ಹಳೆಯ ಪಿಸಿಯಿಂದ ಹೊಸದಕ್ಕೆ ಬಂದದ್ದು ಪ್ರೊಸೆಸರ್, ಎಸ್‌ಎಸ್‌ಡಿ ಮತ್ತು ರ‍್ಯಾಮ್ ಮಾತ್ರ. ವಿಂಡೋಸ್ ಪರವಾನಗಿ ಹಳೆಯ ಮದರ್‌ಬೋರ್ಡಿಗೆ ಅಂಟಿಕೊಂಡದ್ದರಿಂದ ಅದೂ ಅಲ್ಲಿಯೇ ಉಳಿಯಿತು.

ಜೋಡಿಸುವ ಕೆಲಸವನ್ನು ನಾನು ಅಂದುಕೊಂಡಷ್ಟು ದೊಡ್ಡದಾಗಿ ವರ್ಣಿಸಲಾರೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕುಳಿತವನು ರಾತ್ರಿ ಎಂಟಕ್ಕೆ ಎದ್ದೆ, ಅದರಲ್ಲಿ ಒಂದು ಗಂಟೆ ನನ್ನ ದಡ್ಡತನಕ್ಕೆ ಹೋಯಿತು. ಮದರ್‌ಬೋರ್ಡನ್ನು ಎಲ್ಲ ಸ್ಕ್ರೂಗಳಿಂದ ಬಿಗಿದು ಹಿಂದಕ್ಕೆ ಸರಿದು ನೋಡಿದರೆ, ಹಿಂಬದಿಯ ಕಿಂಡಿಗೆ ಮೊದಲೇ ಹಾಕಬೇಕಾಗಿದ್ದ ತಗಡಿನ ಪಟ್ಟಿ ಮೇಜಿನ ಮೇಲೆ ಹೊಳೆಯುತ್ತಿತ್ತು. ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದೆ. ಆಮೇಲೆ ಪರದೆಯ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿ, ಹೊಸ ಕಾರ್ಡು ಹಳೆಯದಕ್ಕಿಂತ ಕಳಪೆಯಾಗಿದೆಯಲ್ಲ ಎಂದು ಹತ್ತು ನಿಮಿಷ ಎದೆ ಬಡಿದುಕೊಂಡೆ. ಅದು ಬಿಟ್ಟರೆ ಹೆಚ್ಚಿನ ಪ್ಲಗ್ಗುಗಳು ತಪ್ಪು ಜಾಗಕ್ಕೆ ಹೋಗದಂತೆ ಆಕಾರಗಳೇ ತಡೆಯುತ್ತವೆ. ಕೈಯಲ್ಲಿ ಬೇಕಾದದ್ದು ಒಂದೇ ಒಂದು ಪ್ಲಸ್ ಸ್ಕ್ರೂಡ್ರೈವರ್.

ಲೆಕ್ಕಕ್ಕೆ ಬರುತ್ತೇನೆ. ರಿಯಾಯಿತಿಯ ಪಿಸಿಗೆ 62,990, ಅದರಿಂದ ಬಿಡಿಸಿಕೊಳ್ಳಲು (ಎಸ್‌ಎಂಪಿಎಸ್, ಕ್ಯಾಬಿನೆಟ್, ಮದರ್‌ಬೋರ್ಡ್, ಕೂಲರ್, ರ‍್ಯಾಮ್) 23,900, ಕಾರ್ಡಿಗೆ 29,800. ಒಟ್ಟು 1,16,690 ರೂಪಾಯಿ. ಮೊದಲೇ 68,000ದ ಕೊಟೇಶನ್ನಿಗೆ ಹೂಂ ಎಂದಿದ್ದರೆ, ಆಮೇಲೆ ಕಾರ್ಡ್ ಒಂದನ್ನೇ ಬದಲಿಸಿ 97,800ಕ್ಕೆ ಇದೇ ಮಟ್ಟದ ಪಿಸಿ ನನ್ನದಾಗುತ್ತಿತ್ತು, ಏಕೆಂದರೆ ಆ ಚೀಟಿಯಲ್ಲಿದ್ದ ಎಸ್‌ಎಂಪಿಎಸ್ 550 ವ್ಯಾಟ್‌ನದು, 4060ಕ್ಕೆ ಅದರ ತಯಾರಕ ಎನ್‌ವಿಡಿಯಾ ಕೇಳುವುದೂ ಅಷ್ಟನ್ನೇ. ವಿಂಡೋಸನ್ನು ಲೆಕ್ಕಕ್ಕೆ ಹಿಡಿದಿಲ್ಲ. ಯಾವ ದಾರಿಯಲ್ಲಿ ಹೋಗಿದ್ದರೂ ಕೊನೆಗೆ ಅದನ್ನು ಕೊಳ್ಳಲೇಬೇಕಿತ್ತು.

ಸದ್ದಿನ ವಿಷಯದಲ್ಲಿ ಜೋಡಿಸಿದ ಪಿಸಿ ಎಷ್ಟೋ ಮೇಲು, ಸದ್ದೇ ಕಡಿಮೆ. ನೋಟದಲ್ಲಿ ಬ್ರ್ಯಾಂಡೆಡ್ ಪಿಸಿ ಅಚ್ಚುಕಟ್ಟು. ನನ್ನದರ ಒಳಗಿನ ತಂತಿಗಳು ಇಂದಿಗೂ ಶಾವಿಗೆಯಂತಿವೆ. ದುರಸ್ತಿಯಲ್ಲಿ ಮಾತ್ರ ಜೋಡಿಸಿದವನಿಗೆ ಓಡಾಟ ತಪ್ಪದು. ಕಳೆದ ವರ್ಷ ಆಟದ ನಡುವೆ ಪಿಸಿ ನೀಲಿ ಪರದೆ ತೋರಿಸಿ ನಿಲ್ಲತೊಡಗಿದಾಗ, ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ರಾತ್ರಿಯಿಡೀ ಪರೀಕ್ಷೆ ಓಡಿಸಿ, ಹೊಸದಾಗಿ ತಂದಿದ್ದ ಕಡ್ಡಿಯೇ ಕೆಟ್ಟಿದೆ ಎಂದು ನಾನೇ ಕಂಡುಕೊಳ್ಳಬೇಕಾಯಿತು. ಬಿಲ್ಲಿನ ಜೊತೆ ಅದನ್ನು ವಿತರಕರ ಕೌಂಟರಿಗೆ ಬೈಕಿನಲ್ಲಿ ಒಯ್ದುಕೊಟ್ಟ ಹನ್ನೆರಡನೆಯ ದಿನ ಹೊಸದು ಬಂತು, ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಬೆಂಗಳೂರಿನಲ್ಲಿ ಇಲ್ಲದವರಿಗೆ ಈ ಓಡಾಟ ಇನ್ನೂ ದೂರದ್ದು ಎಂಬುದನ್ನು ಬಲ್ಲೆ.

ಈಗಿನ ಮಾರುಕಟ್ಟೆಯಲ್ಲಿ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಂಗತಿಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ರ‍್ಯಾಮ್ ತಯಾರಿಸುವ ಮೈಕ್ರಾನ್ ಕಂಪನಿಯಂತೂ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಬಿಡಿ ರ‍್ಯಾಮ್ ಕೊಳ್ಳುವವನಿಗೆ ಆ ಏರಿಕೆ ನೇರವಾಗಿ ತಟ್ಟುತ್ತದೆ, ಏರಿಕೆಗೆ ಮೊದಲೇ ತಯಾರಾಗಿ ಗೋದಾಮಿನಲ್ಲಿ ಕುಳಿತ ಪಿಸಿಯ ಬೆಲೆಗೆ ಅದು ತಡವಾಗಿ ತಟ್ಟುತ್ತದೆ. ಆದ್ದರಿಂದ ರಿಯಾಯಿತಿಯ ಪಿಸಿ ಬಿಡಿಭಾಗಗಳಿಗಿಂತ ನಿಜವಾಗಿಯೂ ಅಗ್ಗವಾಗಿರಬಹುದಾದ ಕಾಲ ಇದು. ನಾಲ್ಕೈದು ವರ್ಷ ಒಳಗೆ ಏನನ್ನೂ ಮುಟ್ಟದೆ ಬಳಸಿ, ಆಮೇಲೆ ಇಡಿಯಾಗಿ ಮಾರಿಬಿಡುವ ಅಭ್ಯಾಸದವರಾದರೆ ಅದನ್ನೇ ಕೊಳ್ಳಲಿ. ನಾನು ಬೋನಸ್ ಬಂದಾಗ ಒಂದೊಂದೇ ಭಾಗ ಬದಲಿಸಿಕೊಂಡು ಹೋಗುವವನು. ನನ್ನ ಜೇಬು ಒಮ್ಮೆಲೇ ಒಂದು ಲಕ್ಷಕ್ಕೆ ಬಾಯಿ ತೆರೆಯುವುದಿಲ್ಲ. ಇಂಥವರಿಗೆ 24 ಪಿನ್ನಿನ ಸಾಕೆಟ್ ಇಲ್ಲದ ಪಿಸಿ ಎಷ್ಟು ಅಗ್ಗವಾದರೂ ಬೇಡ.

ಹಾಸನದಲ್ಲಿರುವ ನನ್ನ ಭಾವನಿಗೆ ಬಿಚ್ಚುವುದೂ ಬೇಡ, ಬೆಂಗಳೂರಿಗೆ ಓಡಾಡುವುದೂ ಬೇಡ, ಮಗನಿಗೆ ಗೇಮಿಂಗ್ ಪಿಸಿ ಮಾತ್ರ ಬೇಕು. ಅವರಿಗೆ ನಾನು ಸೂಚಿಸಿದ್ದು ಈ ಎರಡರ ನಡುವಿನ ದಾರಿಯನ್ನು: ಸಾಮಾನ್ಯ ಬಿಡಿಭಾಗಗಳನ್ನೇ ಬಳಸಿ ಅಂಗಡಿಯವರೇ ಜೋಡಿಸಿ ಕೊಡುವ ಪಿಸಿ, ಪ್ರತಿ ಭಾಗದ ಹೆಸರೂ ಬಿಲ್ಲಿನಲ್ಲಿ ಬೇರೆಬೇರೆಯಾಗಿ ಬರೆದಿರುವಂಥದ್ದು. ದುಡ್ಡು ಕೊಡುವ ಮೊದಲು ಪಕ್ಕದ ತಗಡು ತೆಗೆಸಿ ಒಳಗಿನ ಚಿತ್ರವೊಂದನ್ನು ಕಳಿಸಿ ಎಂದಿದ್ದೆ. ಮೊನ್ನೆ ಸಂಜೆ ಅಂಗಡಿಯಿಂದಲೇ ಕಳಿಸಿದರು. ಚಿತ್ರವನ್ನು ಹಿಗ್ಗಿಸಿ ಎಣಿಸಿದೆ: ಎರಡು ಸಾಲು, ಸಾಲಿಗೆ ಹನ್ನೆರಡು. ತೆಗೆದುಕೊಳ್ಳಿ ಎಂದು ಬರೆದೆ.