ಒಂದು ಚಂಡೆಯ ಸದ್ದಿಗೆ ಐದು ದಾರಿ

ಊರ ಗದ್ದೆಯಲ್ಲಿ ಬಯಲಾಟ ಇದ್ದ ದಿನ ಸಂಜೆ ‘ಕೇಳಿ’ ಬಾರಿಸುವುದನ್ನು ನನ್ನ ತಮ್ಮ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ. ಇಂದು ರಾತ್ರಿ ಆಟ ಇದೆ, ಬನ್ನಿ ಎಂದು ಸುತ್ತಲಿನ ಮನೆಗಳಿಗೆ ಚಂಡೆಯ ಮೂಲಕ ಹೇಳುವ ಪದ್ಧತಿ ಅದು. ಕರೆಯುವುದಕ್ಕೆಂದೇ ಹುಟ್ಟಿದ ಸದ್ದು. ದೂರವಾಣಿಯ ಕರೆಗೆ ಇದಕ್ಕಿಂತ ಒಪ್ಪುವುದು ನನಗಂತೂ ಬೇರೆ ತೋಚಲಿಲ್ಲ. ಚಂಡೆ ಬಾರಿಸಿದವರ ಒಪ್ಪಿಗೆ ಕೇಳಿದೆವು, ಸಂತೋಷದಿಂದ ಕೊಟ್ಟರು. ಅದನ್ನು ನನ್ನ ಐಫೋನಿನ ರಿಂಗ್‌ಟೋನ್ ಮಾಡಿಕೊಳ್ಳಲು ಹೊರಟಾಗ ಎದುರಿಗೆ ಹಲವು ದಾರಿಗಳಿದ್ದವು. ಎಲ್ಲವನ್ನೂ ಅದೇ ಮೂರು ನಿಮಿಷದ ಧ್ವನಿಮುದ್ರಣ ಇಟ್ಟುಕೊಂಡು ಪ್ರಯತ್ನಿಸಿದೆ.

ತಮ್ಮನದು ಆಂಡ್ರಾಯ್ಡ್ ಫೋನು. ಅವನ ಕೆಲಸ ನನ್ನ ಕಣ್ಣೆದುರೇ ಮುಗಿಯಿತು. ಕಡತವನ್ನು ರಿಂಗ್‌ಟೋನ್ಸ್ ಎಂಬ ಫೋಲ್ಡರಿಗೆ ಹಾಕಿದ, ಸೆಟ್ಟಿಂಗ್ಸ್‌ನ ಧ್ವನಿ ವಿಭಾಗದಲ್ಲಿ ಆರಿಸಿದ, ಅಷ್ಟೆ. ಇಡೀ ಮೂರು ನಿಮಿಷವನ್ನೂ ಅದು ಒಪ್ಪಿಕೊಂಡಿತು. ಆಂಡ್ರಾಯ್ಡ್ ಬಳಸುವವರು ಇದಕ್ಕಾಗಿ ಹಣ ಕೊಡುವ ಅಗತ್ಯವೇ ಇಲ್ಲ; ಕತ್ತರಿಸಲು ಉಚಿತ ಆ್ಯಪ್‌ಗಳಿವೆ. ಮುಂದಿನದೆಲ್ಲ ಐಫೋನ್ ಇರುವವರಿಗೆ.

ದಾರಿ ಹಿಡಿಯುವ ಮೊದಲು ಒಂದು ಮಾತು. ತಮ್ಮ ಮೊದಲಿಗೆ ಕಳಿಸಿದ್ದು ಮೆಸೇಜಿಂಗ್ ಆ್ಯಪ್ ಒಂದರ ಧ್ವನಿ ಸಂದೇಶವಾಗಿ. ಅದು ಓಪಸ್ ರೂಪದ ಕಡತ. ಮಾತಿಗೆ ಸಾಕಾಗುವಷ್ಟು ಹಿಂಡಿ ಚಿಕ್ಕದಾಗಿಸಿದ್ದರಿಂದ ಚಂಡೆಯ ಮೊನಚೇ ಹೋಗಿತ್ತು, ತಗಡಿನ ಡಬ್ಬ ಬಡಿದಂತೆ ಕೇಳಿಸುತ್ತಿತ್ತು. ಮೂಲ ಕಡತವನ್ನೇ ದಾಖಲೆಯ ರೂಪದಲ್ಲಿ ಕಳಿಸು ಎಂದು ಹೇಳಿ ಎಂ4ಎ ರೂಪದ ಕಡತ ತರಿಸಿಕೊಂಡೆ. ಎರಡಕ್ಕೂ ಇರುವ ವ್ಯತ್ಯಾಸ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಎಡವಿದರೆ ಮುಂದೆ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಮೊದಲ ದಾರಿ ಗ್ಯಾರೇಜ್‌ಬ್ಯಾಂಡ್. ಸಂಗೀತ ಸಂಯೋಜನೆಗೆಂದು ಆ್ಯಪಲ್ ಮಾಡಿದ ಆ್ಯಪ್ ಇದು. 2017ರಿಂದ ಎಲ್ಲರಿಗೂ ಉಚಿತ, ಆದರೆ ಒಂದು ಜಿಬಿಗೂ ಹೆಚ್ಚು ಜಾಗ ಬೇಡುತ್ತದೆ. ಕಂಪ್ಯೂಟರ್ ಇಲ್ಲದೆ ಫೋನಿನಲ್ಲೇ ಕೆಲಸ ಮುಗಿಸಲು ಬಹುಕಾಲ ಇದೇ ದಾರಿಯಾಗಿತ್ತು. ಆಡಿಯೊ ರೆಕಾರ್ಡರ್ ತೆರೆದು, ಟ್ರ್ಯಾಕ್ ನೋಟಕ್ಕೆ ಹೋಗಿ, ಲೂಪ್ ಗುರುತು ಒತ್ತಿ ಫೈಲ್ಸ್‌ನಿಂದ ಕಡತ ತಂದು ಎಳೆದಿಡಬೇಕು. ಇಲ್ಲಿ ಹೊಸಬರೆಲ್ಲ ಸಿಕ್ಕಿಕೊಳ್ಳುವ ಜಾಗ ಒಂದಿದೆ. ವಿಭಾಗದ ಉದ್ದ ಮೊದಲೇ ಎಂಟು ಬಾರ್‌ಗಳಿಗೆ, ಅಂದರೆ ತಾಳದ ಎಂಟು ಅಳತೆಗಳಿಗೆ, ನಿಗದಿಯಾಗಿರುತ್ತದೆ, ಕಡತದ ಉಳಿದ ಭಾಗ ಬರುವುದೇ ಇಲ್ಲ. ಬಲಬದಿಯ ಕೂಡುವ ಗುರುತನ್ನು ಒತ್ತಿ ಅದನ್ನು ಆಟೊಮ್ಯಾಟಿಕ್ ಮಾಡಿಕೊಂಡರೆ ಸರಿಯಾಗುತ್ತದೆ. ಮೆಟ್ರೊನೋಮ್ ಬಂದ್ ಮಾಡಿಡಿ, ಇಲ್ಲದಿದ್ದರೆ ಕೇಳಿ ನೋಡುವಾಗ ಅದರ ಟಿಕ್ ಟಿಕ್ ತಾಳವನ್ನು ಕೆಡಿಸುತ್ತದೆ. ಕೊನೆಗೆ ಮೈ ಸಾಂಗ್ಸ್‌ನಲ್ಲಿ ಒತ್ತಿಹಿಡಿದು ಶೇರ್, ರಿಂಗ್‌ಟೋನ್, ಎಕ್ಸ್‌ಪೋರ್ಟ್. 30 ಸೆಕೆಂಡಿಗಿಂತ ಉದ್ದವಾದರೆ ಅದೇ ಮೊಟಕುಗೊಳಿಸುತ್ತದೆ.

ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಮೂರನೆಯ ಸಲ ಐದೇ ನಿಮಿಷ. ಆದರೆ ಈ ಸುತ್ತುಬಳಸಿನಲ್ಲಿ ನನಗೆ ಸಿಕ್ಕಿದ್ದು ದೊಡ್ಡದು. ಸದ್ದಿನ ಅಲೆಯನ್ನು ಹಿಗ್ಗಿಸಿ ನೋಡಬಹುದು, ಪೆಟ್ಟು ಬಿದ್ದ ಜಾಗಕ್ಕೇ ಸರಿಯಾಗಿ ಕತ್ತರಿ ಇಡಬಹುದು. ರಿಂಗ್‌ಟೋನ್ ಮುಗಿದೊಡನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆಯಲ್ಲ, ತಾಳದ ಆವರ್ತನ ಮುಗಿಯುವ ಮೊದಲೇ ಕತ್ತರಿಸಿದರೆ ಪ್ರತಿ ಸುತ್ತಿನಲ್ಲೂ ಮುಗ್ಗರಿಸಿದಂತಾಗುತ್ತದೆ. ಆವರ್ತನ ಪೂರ್ತಿಯಾಗುವಲ್ಲಿ ಕತ್ತರಿಸಿದ ಮೇಲೆ ಅದು ನಿಲ್ಲದೆ ಹರಿಯುವ ಚಂಡೆಯಂತೆಯೇ ಕೇಳಿಸಿತು. ಇನ್ನೊಂದು ವಿಷಯ: ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ನಾದ ಬರುವುದಿಲ್ಲ. ಧ್ವನಿಮುದ್ರಣದಲ್ಲಿ ಮದ್ದಳೆಯೂ ಇದ್ದ ಒಂದು ತುಣುಕು ನನಗೆ ಬಹಳ ಇಷ್ಟವಾಗಿತ್ತು. ಹೆಡ್‌ಫೋನಿನಲ್ಲಿ ಸೊಗಸು, ಜೇಬಿನಲ್ಲಿ ಮಾತ್ರ ಮದ್ದಳೆ ಮಾಯ. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟು ಚಂಡೆಯೊಂದೇ ಇರುವ ಭಾಗ ಆರಿಸಿದೆ. ಬಸ್ಸಿನ ಗದ್ದಲವನ್ನೂ ಸೀಳಿಕೊಂಡು ಅದು ಕೇಳಿಸುತ್ತದೆ.

ಎರಡನೆಯದು ಕಂಪ್ಯೂಟರಿನ ಹಳೆಯ ಉಪಾಯ. ಮ್ಯಾಕ್‌ನಲ್ಲಿ ಮ್ಯೂಸಿಕ್, ವಿಂಡೋಸ್‌ನಲ್ಲಿ ಐಟ್ಯೂನ್ಸ್ ತೆರೆದು, ಹಾಡಿನ ಆಯ್ಕೆಗಳಲ್ಲಿ ಶುರು ಮತ್ತು ಕೊನೆಯ ಸಮಯ ಹಾಕಿ, ಎಎಸಿ ಎಂಬ ರೂಪದ ಪ್ರತಿ ಮಾಡಿಕೊಂಡು, ಕಡತದ ಹೆಸರಿನ ಕೊನೆಯ ಎಂ4ಎ ಅಳಿಸಿ, ಐಫೋನ್ ರಿಂಗ್‌ಟೋನಿನ ಗುರುತಾದ ಎಂ4ಆರ್ ಎಂದು ಬದಲಿಸುವುದು. ಒಳಗಿನ ಸದ್ದು ಅದೇ, ಬದಲಾಗುವುದು ಹೆಸರೊಂದೇ. ವಿಂಡೋಸ್ ಆ ವಿಸ್ತರಣೆಯನ್ನು ಅಡಗಿಸಿಟ್ಟಿರುತ್ತದೆ, ಮೊದಲು ಅದನ್ನು ಕಾಣುವಂತೆ ಮಾಡಿಕೊಳ್ಳದಿದ್ದರೆ ಹೆಸರು ಬದಲಿಸಿದ್ದೇವೆ ಎಂಬ ಭ್ರಮೆಯಷ್ಟೇ ಉಳಿಯುತ್ತದೆ. ಬಳಿಕ ಫೋನನ್ನು ಕೇಬಲ್‌ನಿಂದ ಜೋಡಿಸಿ ಕಡತವನ್ನು ಎಳೆದು ಹಾಕಬೇಕು. 2017ರ ಐಟ್ಯೂನ್ಸ್ 12.7ರಲ್ಲಿ ಟೋನ್ಸ್ ವಿಭಾಗವನ್ನೇ ತೆಗೆದರು, 2019ರಲ್ಲಿ ಮ್ಯಾಕ್‌ನಿಂದ ಐಟ್ಯೂನ್ಸ್ ಕೂಡ ಹೋಗಿ ಆ ಕೆಲಸ ಮ್ಯಾಕ್‌ನ ಕಡತಗಳನ್ನು ತೋರಿಸುವ ಫೈಂಡರಿಗೆ ಬಂತು. ಹಾಗಾಗಿ ಹಳೆಯ ಸೂಚನೆಗಳನ್ನು ಓದಿಕೊಂಡು ಹೊರಟವರು ಇಲ್ಲದ ಗುಂಡಿಯನ್ನು ಹುಡುಕುತ್ತಾರೆ. ಇಲ್ಲಿ 40 ಸೆಕೆಂಡಿನವರೆಗೆ ಅವಕಾಶ ಇರುವುದು ನಿಜವಾದ ಲಾಭ. ಕತ್ತರಿಸಲು ಮ್ಯೂಸಿಕ್‌ನ ಅಂಕಿಗಳಿಗಿಂತ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಎಷ್ಟೋ ಮೇಲು. ಮೇಜಿನ ಮುಂದೆ ಕುಳಿತು ಮಾಡುವವರಿಗೆ ಇದು ಗ್ಯಾರೇಜ್‌ಬ್ಯಾಂಡ್‌ಗಿಂತ ಹಿತ.

ಮೂರನೆಯದು ಇದಕ್ಕೆಂದೇ ಇರುವ ತಂತ್ರಾಂಶಗಳು. ಐಮೇಜಿಂಗ್, ವಾಲ್ಟರ್ ಮೊದಲಾದವು ಈ ಬಗೆಯವು. ನಾನು ಇಂಥ ಎರಡನ್ನು ಬಳಸಿ ನೋಡಿದೆ. ಒಂದರಲ್ಲಿ ಕಡತವನ್ನು ಕಿಟಕಿಯೊಳಗೆ ಎಳೆದು ಬಿಟ್ಟೆ, ರೂಪ ಬದಲಾಯಿಸುವುದು, ಹೆಸರು, ವರ್ಗಾವಣೆ ಎಲ್ಲವನ್ನೂ ಅದೇ ನೋಡಿಕೊಂಡಿತು. ಒಂದು ನಿಮಿಷವೂ ಆಗಲಿಲ್ಲ. ಕೈ ಹಾಕಿದ ಕೆಲಸ ಅಷ್ಟು ಸಲೀಸಾಗಿ ಮುಗಿದಾಗ ಆಗುವ ಸಮಾಧಾನವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಇನ್ನೊಂದರಲ್ಲಿ ಕತ್ತರಿಸುವ ಹಿಡಿಕೆ ಇಡೀ ಸೆಕೆಂಡುಗಳ ಲೆಕ್ಕದಲ್ಲೇ ಸರಿಯುತ್ತಿತ್ತು. ಚಂಡೆಗೆ ಅದು ಸಾಲದು, ಒಂದು ಸೆಕೆಂಡಿನಲ್ಲಿ ಎಷ್ಟೋ ಪೆಟ್ಟುಗಳು ಬೀಳುತ್ತವೆ. ಪ್ರಾಯೋಗಿಕ ಅವಧಿ ಮುಗಿದ ಮೇಲೆ ಎರಡೂ ಹಣ ಕೇಳಿದವು. ಕೇಳುವುದು ತಪ್ಪಲ್ಲ, ಯಾರೋ ಶ್ರಮಪಟ್ಟು ಮಾಡಿದ್ದು. ಆದರೆ ವರ್ಷಕ್ಕೊಂದು ರಿಂಗ್‌ಟೋನಿಗಾಗಿ ಕೊಡುವುದು ನನಗೆ ಸರಿಕಾಣಲಿಲ್ಲ. ಫೋನಿನ ಸಂದೇಶ, ಚಿತ್ರ, ಬ್ಯಾಕಪ್‌ಗಳನ್ನೂ ಅದರಲ್ಲೇ ನಿಭಾಯಿಸುವವರು, ಮನೆಯ ನಾಲ್ಕಾರು ಫೋನುಗಳನ್ನು ನೋಡಿಕೊಳ್ಳುವವರು ಕೊಂಡರೆ ನಷ್ಟವಿಲ್ಲ. ಉಚಿತ ಎಂದು ಹೇಳಿಕೊಂಡ ಮೂರನೆಯ ತಂತ್ರಾಂಶವೊಂದು ಕೇಳದ ಇನ್ನೆರಡನ್ನು ಜೊತೆಯಲ್ಲೇ ಸ್ಥಾಪಿಸಲು ಹೊರಟಿತು. ಅಲ್ಲಿಗೇ ನಿಲ್ಲಿಸಿ ಅಳಿಸಿಹಾಕಿದೆ.

ಐಫೋನನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಐಒಎಸ್ 26 ಬಂದ ಮೇಲೆ, ಅಂದರೆ 2025ರ ಸೆಪ್ಟೆಂಬರಿನಿಂದ, ಈ ಹೋಲಿಕೆಯ ತಕ್ಕಡಿಯೇ ವಾಲಿದೆ. ಫೈಲ್ಸ್ ಆ್ಯಪ್‌ನಲ್ಲಿ ಕಡತವನ್ನು ಒತ್ತಿಹಿಡಿದು ಶೇರ್ ಒತ್ತಿದರೆ, ರಿಂಗ್‌ಟೋನ್ ಆಗಿ ಬಳಸು ಎಂಬ ಆಯ್ಕೆ ಅಲ್ಲೇ ಇದೆ. ಕಡತ 30 ಸೆಕೆಂಡಿನೊಳಗಿನ ಎಂಪಿ3 ಅಥವಾ ಎಂ4ಎ ಆಗಿದ್ದರಾಯಿತು. ಐಫೋನಿನಲ್ಲೇ ಮುದ್ರಿಸಿದ ಸದ್ದಾದರೆ ವಾಯ್ಸ್ ಮೆಮೋಸ್‌ನಲ್ಲೇ ಕತ್ತರಿಸಿ ಫೈಲ್ಸ್‌ಗೆ ಉಳಿಸಬಹುದು, ಬೇರೆ ಆ್ಯಪ್ ಬೇಕಾಗಿಲ್ಲ. ಬಾಡಿಗೆ ಹಾಡಿನ ಸೇವೆಯಿಂದ ಇಳಿಸಿಕೊಂಡ, ಬೀಗ ಹಾಕಿದ ಹಾಡುಗಳು ಮಾತ್ರ ಯಾವ ದಾರಿಯಲ್ಲೂ ಬರುವುದಿಲ್ಲ.

ಹಾಗಾದರೆ ಗ್ಯಾರೇಜ್‌ಬ್ಯಾಂಡ್ ಯಾರಿಗೆ? ನನ್ನ ಅಕ್ಕನ ಬಳಿ ಐಫೋನ್ ಎಕ್ಸ್‌ಆರ್ ಇದೆ, ಅದಕ್ಕೆ ಐಒಎಸ್ 26 ಬರುವುದಿಲ್ಲ. ಅವಳ ಫೋನಿನಲ್ಲಿ ಗ್ಯಾರೇಜ್‌ಬ್ಯಾಂಡ್ ಹಿಡಿದೇ ಕೆಲಸ ಮುಗಿಸಿದೆ. ನನ್ನ ಫೋನಿಗೆ ಹೊಸ ದಾರಿ ಇದ್ದರೂ ಕತ್ತರಿಸುವುದಕ್ಕೆ ನಾನು ಆಡಾಸಿಟಿಯನ್ನೇ ಬಿಟ್ಟಿಲ್ಲ. ಮೊದಲ ಆವೃತ್ತಿಯ ಆರಂಭದಲ್ಲಿ ಆರು ಸೆಕೆಂಡು ಜನರ ಗುಜುಗುಜು ಇತ್ತು, ಚಂಡೆ ಏರುವಷ್ಟರಲ್ಲಿ ನಾನು ಕರೆ ಎತ್ತಿಬಿಡುತ್ತಿದ್ದೆ. ಅದನ್ನು ತೆಗೆದು, ಎರಡೂ ಕೋಲು ಒಟ್ಟಿಗೆ ಬೀಳುವ ಪೆಟ್ಟಿನಿಂದ ಶುರುವಾಗುವಂತೆ ಮಾಡಿದೆ. ಈಗ 24 ಸೆಕೆಂಡಿನ ಕಡತ. ಕಳೆದ ವಾರ ತರಕಾರಿ ಅಂಗಡಿಯಲ್ಲಿ ಅದು ಮೊಳಗಿದಾಗ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಚೀಲ ಕೆಳಗಿಟ್ಟು, ಯಾವ ಊರಿನ ಆಟ ಎಂದು ಕೇಳಿದರು.