ಮಗಳ ಬೆನ್ನಿನ ಬ್ರೇಸ್: 20 ತಿಂಗಳು ಬಳಸಿದ ಮೇಲೆ

ಮಗಳ ಬೆನ್ನು ಬಾಗಿದೆ ಅಂತ ಮೊದಲು ಹೇಳಿದ್ದು ಅವಳ ಚಪ್ಪಲಿ. ಬಲಗಾಲಿನದು ಮಾತ್ರ ಹಿಮ್ಮಡಿ ಹತ್ತಿರ ಸವೆದಿತ್ತು. ಲಂಗದ ಅಂಚು ಒಂದು ಕಡೆ ಇಳಿದಿರುತ್ತಿತ್ತು. ಟೈಲರ್ ಸರಿಯಾಗಿ ಹೊಲಿದಿಲ್ಲ ಅಂದುಕೊಂಡಿದ್ದೆ. ಆಗ ಅವಳಿಗೆ 12 ವರ್ಷ.

ಕಾಲು ಉದ್ದ ಗಿಡ್ಡ ಇದ್ದರೂ ಹೀಗಾಗಬಹುದು ಅಂತ ಡಾಕ್ಟರ್ ಮೊದಲು ಎರಡೂ ಕಾಲು ಅಳೆದರು. ಸಮ ಇದ್ದವು. ಎಕ್ಸ್‌ರೇಯಲ್ಲಿ 29 ಡಿಗ್ರಿ ಬಾಗು ಕಂಡಿತು, ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು. ಬೆಳೆಯುವ ಮಕ್ಕಳಲ್ಲಿ 25ರಿಂದ 40 ಡಿಗ್ರಿ ಇದ್ದರೆ ಸಾಮಾನ್ಯವಾಗಿ ಬ್ರೇಸ್ ಹಾಕಿಸುತ್ತಾರೆ. ನಮಗೆ ಕೊಟ್ಟಿದ್ದು ಕಂಕುಳಿಂದ ಸೊಂಟದವರೆಗಿನ ಗಟ್ಟಿ ಪ್ಲಾಸ್ಟಿಕ್ ಕವಚ, ದಿನಕ್ಕೆ 18 ಗಂಟೆ.

ಮೊದಲ ವಾರ ಅವಳ ನಡಿಗೆ ನೋಡಿ ಹೊಟ್ಟೆ ಚುರುಕ್ ಅಂದಿತು. ನಡೆಯುವಾಗ ಸೊಂಟ ಒಂದು ಕಡೆ ತಿರುಗಿದರೆ ಎದೆ ಇನ್ನೊಂದು ಕಡೆ ತಿರುಗಬೇಕು, ಅಲ್ವಾ? ಬಾಗಿದ ಬೆನ್ನಿಗೆ ಅದೇ ಕಷ್ಟ. ಅವಳ ಬಲಗೈ ಬೀಸುತ್ತಲೇ ಇರಲಿಲ್ಲ. ಹೆಜ್ಜೆ ನಡುವೆ ಸಡಿಲವಾಗಬೇಕಾದ ಬೆನ್ನಿನ ಸ್ನಾಯುಗಳು ಬಿಗಿದೇ ಇರುತ್ತವೆ, ಅದಕ್ಕೇ ಬೇಗ ಸುಸ್ತು. ಬ್ರೇಸ್ ಹಾಕಿದ ಮೇಲೆ ಸೊಂಟ ಇನ್ನೂ ಕಟ್ಟಿಹಾಕಿದ ಹಾಗಾಯಿತು, ಹೆಜ್ಜೆ ಚಿಕ್ಕದಾಯಿತು. ಬ್ರೇಸ್ ಇರುವುದು ಬಾಗು ಏರದಂತೆ ತಡೆಯುವುದಕ್ಕೆ, ನಡಿಗೆಗೆ ವ್ಯಾಯಾಮವೇ ಬೇಕು ಅಂತ ಫಿಸಿಯೋ ಹೇಳಿದ ಮೇಲೆ ಸಮಾಧಾನ ಆಯಿತು. ಇದನ್ನು ಮೊದಲೇ ಹೇಳಬೇಕಿತ್ತು.

ತೊಂದರೆಗಳೂ ಇದ್ದವು. ಸೊಂಟದ ಮೂಳೆ ಮೇಲೆ ಉಜ್ಜಿ ಕೆಂಪಾಯಿತು, ಎರಡು ಸಲ ವಾಪಸ್ ಕೊಟ್ಟು ಸರಿ ಮಾಡಿಸಿದೆವು. ಅಂಟು ಪಟ್ಟಿಗಳು ಐದೇ ತಿಂಗಳಿಗೆ ಹಿಡಿತ ಬಿಟ್ಟವು. ಏಪ್ರಿಲ್ ಬೇಸಿಗೆಯಂತೂ ಕೇಳಬೇಡಿ. ಒಳಗೆ ತೆಳ್ಳನೆ ಹತ್ತಿ ಬನಿಯನ್ ಉಲ್ಟಾ ಹಾಕಿ, ಹೊಲಿಗೆ ಚರ್ಮಕ್ಕೆ ತಾಗದು. 11 ತಿಂಗಳಿಗೆ ಮೈ ಬೆಳೆದು ಹೊಸ ಬ್ರೇಸ್ ಬೇಕಾಯಿತು, ಆ ಖರ್ಚಿಗೂ ತಯಾರಿರಿ.

ಗಂಟೆ ಮಾತ್ರ ಕದಿಯಬೇಡಿ. 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲೂ ಜಾಸ್ತಿ ಹೊತ್ತು ಹಾಕಿದ ಮಕ್ಕಳಿಗೇ ಜಾಸ್ತಿ ಲಾಭ ಆಗಿತ್ತು. ನಮ್ಮದು ಈಗ 27 ಡಿಗ್ರಿ. ಎರಡು ಡಿಗ್ರಿ ಅಳತೆಯಲ್ಲೇ ಹೆಚ್ಚುಕಮ್ಮಿ ಆಗಬಹುದು, ಹಾಗಾಗಿ ಇಳಿದಿದೆ ಅನ್ನುವುದಿಲ್ಲ. ಏರಿಲ್ಲ, ನನಗೆ ಅಷ್ಟು ಸಾಕು. ದಿನಾ ಅರ್ಧ ಗಂಟೆ ವ್ಯಾಯಾಮ ಮಾಡುತ್ತಾಳೆ. ಸಂಜೆ ಬ್ರೇಸ್ ಬಿಚ್ಚಿ ಹಾಲು ತರಲು ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತೇನೆ. ಬಲಗೈ ಬೀಸುತ್ತಿದೆ.

ಐದಕ್ಕೆ ನಾಲ್ಕು ಸ್ಟಾರ್. ಬ್ರೇಸ್ ಅಳತೆ ನೋಡುವ ದಿನ ಮಗುವನ್ನು ನಿಲ್ಲಿಸಿ, ಕೂರಿಸಿ ಅಷ್ಟೇ ನೋಡುತ್ತಾರೆ. ಹತ್ತು ಹೆಜ್ಜೆ ನಡೆಸಿಯೂ ನೋಡಿ ಅಂತ ನೀವೇ ಕೇಳಿ.